ಬೀಟಾ ಪರೀಕ್ಷೆ: ದೂರನ್ನು ಎಣಿಸದೆ ತೂಗುವ ಬಗೆ

ಕನ್ನಡದಲ್ಲಿ ಟಿಪ್ಪಣಿ ಬರೆದಿಡುವ ಆಂಡ್ರಾಯ್ಡ್ ಆ್ಯಪ್‌ಗೆ ನಾನು ಬೀಟಾ, ಅಂದರೆ ಬಿಡುಗಡೆಗೆ ಮುನ್ನ ಕೆಲವರಿಗೆ ಕೊಟ್ಟು ನೋಡುವ ಪರೀಕ್ಷೆ, ನಡೆಸುವ ಕ್ರಮವಿದು. ಗೂಗಲ್ ಪ್ಲೇಗೆ ಆ್ಯಪ್ ಏರಿಸುವ ಪ್ಲೇ ಕನ್ಸೋಲ್‌ನಲ್ಲಿ ಮೊದಲು ಇಂಟರ್ನಲ್ ಟೆಸ್ಟಿಂಗ್. ಅಲ್ಲಿ 100 ಜನರವರೆಗೆ ಸೇರಿಸಬಹುದು. ಆಮೇಲೆ ಕ್ಲೋಸ್ಡ್ ಟೆಸ್ಟಿಂಗ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುಗಡೆ ಮಾಡಲು ಅನುಮತಿ ಕೇಳುವ ಮುನ್ನ ಕನಿಷ್ಠ 12 ಮಂದಿ ಸತತ 14 ದಿನ ಅದರಲ್ಲಿರಬೇಕು. ಮೊದಲು 20 ಮಂದಿ ಬೇಕಿತ್ತು. ನಾನು 25 ಮಂದಿಯನ್ನು ಸೇರಿಸಿಕೊಳ್ಳುತ್ತೇನೆ. ಸರಿಯಾಗಿ 12 ಇಟ್ಟುಕೊಂಡರೆ ಒಬ್ಬರು ಹೊರಬಿದ್ದರೂ ದಿನದ ಲೆಕ್ಕ ತಪ್ಪುತ್ತದೆ.

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಸರ್’ ಎನ್ನುತ್ತಾರೆ. ಅದರಿಂದ ಕೆಲಸ ಮುಂದೆ ಹೋಗುವುದಿಲ್ಲ. ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಯಾವ ಕೀಬೋರ್ಡ್ ಬಳಸುತ್ತೀರಿ ಎಂದು ಕೇಳಬೇಕು. ಸ್ಕ್ರೀನ್‌ಶಾಟ್ ಜೊತೆಗೆ ತಪ್ಪಾಗಿ ಕಾಣುವ ಪದವನ್ನೂ ಕಾಪಿ ಮಾಡಿ ಕಳಿಸಲು ಹೇಳುತ್ತೇನೆ.

ಕಾರಣವಿದೆ. ‘ರ‍್ಯಾಂಕ್’ ಎಂದು ಬರೆದು ಸೇವ್ ಮಾಡಿ ತೆರೆದರೆ ‘ರ್ಯಾಂಕ್’ ಆಗಿ, ಅರ್ಕಾವೊತ್ತು ಬಂದಿದೆ ಎಂದು ಒಬ್ಬರು ಮಾತ್ರ ಬರೆದರು. ಚಿತ್ರ ನೋಡಿದರೆ ಫಾಂಟಿನ ದೋಷ ಅನಿಸುತ್ತದೆ. ಪದವನ್ನು ಕೋಡ್‌ಪಾಯಿಂಟ್‌ಗಳಾಗಿ, ಅಂದರೆ ಪ್ರತಿ ಅಕ್ಷರಕ್ಕಿರುವ ಯುನಿಕೋಡ್ ಸಂಖ್ಯೆಗಳಾಗಿ, ಬಿಡಿಸಿದರೆ ನಿಜ ತಿಳಿಯುತ್ತದೆ: ‘ರ’ ಆದ ಮೇಲೆ ಇರಬೇಕಾದ 200ಡಿ, ಅಂದರೆ ಕಣ್ಣಿಗೆ ಕಾಣದ ಜೋಡಕ, ಮಾಯವಾಗಿತ್ತು. ಸೇವ್ ಮಾಡುವ ಮುನ್ನ ಪಠ್ಯ ಶುಚಿಗೊಳಿಸುವ ರೆಜೆಕ್ಸ್ (ಅಕ್ಷರಗಳನ್ನು ಹುಡುಕಿ ಬದಲಿಸುವ ಸೂತ್ರ), ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ತೆಗೆಯುತ್ತಿತ್ತು. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ 200ಸಿ ಕೂಡ ಹೋಗಿ ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗುತ್ತಿತ್ತು. ಈ ಎರಡನ್ನು ರೆಜೆಕ್ಸಿನಿಂದ ಹೊರಗಿಟ್ಟರೆ ಮುಂದಿನದು ಸರಿ. ಆದರೆ ಆಗಲೇ ಸೇವ್ ಆದ ಟಿಪ್ಪಣಿಯಲ್ಲಿ ಅವು ಎಲ್ಲಿದ್ದವೆಂದು ಕೋಡಿಗೆ ತಿಳಿಯುವುದಿಲ್ಲ. ಬಳಕೆದಾರ ಬರೆದದ್ದು ಕಳೆದುಹೋಯಿತು ಎಂದೇ ಅರ್ಥ.

ಅದಕ್ಕೇ ದೂರುಗಳನ್ನು ಬರೆದಿಡುವ ನನ್ನ ಶೀಟಿನ ಮೊದಲ ಕಾಲಂ ತೀವ್ರತೆ. ಎಷ್ಟು ಮಂದಿ ಹೇಳಿದರು ಎಂಬುದು ಕೊನೆಯದು. ಡೇಟಾ ಹೋಗುವ ದೂರು ಒಂದೇ ಬಂದರೂ ಅಂದೇ ಕೈಗೆತ್ತಿಕೊಳ್ಳುತ್ತೇನೆ. ಬಟನ್ ಬಣ್ಣದ ಬಗ್ಗೆ ಹದಿನೈದು ಬಂದರೂ ಕಾಯಬಹುದು. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1809 ಆವೃತ್ತಿ ಕೆಲವರ ಕಡತಗಳನ್ನು ಅಳಿಸಿಹಾಕಿತು. ಬೀಟಾ ಬಳಸುತ್ತಿದ್ದವರು ಮೈಕ್ರೋಸಾಫ್ಟ್‌ಗೆ ದೂರು ಕಳಿಸುವ ಆ್ಯಪ್ ಆದ ಫೀಡ್‌ಬ್ಯಾಕ್ ಹಬ್‌ನಲ್ಲಿ ಇದನ್ನು ಮೊದಲೇ ಬರೆದಿದ್ದರು. ವೋಟು ಕಡಿಮೆಯಿದ್ದ ಆ ದೂರುಗಳು ರಾಶಿಯಲ್ಲಿ ಮುಚ್ಚಿಹೋದವು. ಮೈಕ್ರೋಸಾಫ್ಟ್ ಬಿಡುಗಡೆ ತಡೆದು, ನವೆಂಬರ್ 13ರಂದು ಮತ್ತೆ ಬಿಟ್ಟಿತು. ತೀವ್ರತೆ ನಮೂದಿಸುವ ಅವಕಾಶವನ್ನು ಹಬ್‌ಗೆ ಸೇರಿಸಿದ್ದು ಆ ಪೆಟ್ಟಿನ ನಂತರವೇ.

ಬೀಟಾ ಮುಗಿದ ಮೇಲಿನ ಅಪ್‌ಡೇಟ್‌ಗಳನ್ನೂ ಎಲ್ಲರಿಗೂ ಒಮ್ಮೆಲೇ ಬಿಡುವುದಿಲ್ಲ: ಬಳಕೆದಾರರಲ್ಲಿ 5%, 20%, 50%, ನಂತರ ಪೂರ್ತಿ, ಪ್ರತಿ ಹಂತಕ್ಕೂ ಎರಡು ದಿನ. ನಡುವೆ ತಡೆಯಬಹುದು, ಆದರೆ ಇನ್‌ಸ್ಟಾಲ್ ಆದ ಫೋನುಗಳಿಂದ ಹಿಂತೆಗೆಯಲಾಗದು. ಸರಿಪಡಿಸಲು ಹೆಚ್ಚಿನ ವರ್ಷನ್ ಕೋಡಿನ (ಆವೃತ್ತಿ ಸಂಖ್ಯೆಯ) ಹೊಸ ಬಿಲ್ಡ್, ಅಂದರೆ ಆ್ಯಪ್‌ನ ಹೊಸ ಪ್ರತಿಯೇ ಬೇಕು.

ದೂರು ಕೊಟ್ಟವರಿಗೆ ಬಿಲ್ಡ್ ಸಂಖ್ಯೆ ಹೇಳಿ ‘ಇದರಲ್ಲಿ ಸರಿಮಾಡಿದೆ, ಅದೇ ಪದ ಮತ್ತೊಮ್ಮೆ ಬರೆದು ನೋಡಿ’ ಎಂದು ಬರೆಯುತ್ತೇನೆ. ಅವರು ‘ಸರಿಯಾಗಿದೆ’ ಎನ್ನುವವರೆಗೆ ಶೀಟಿನ ಆ ಸಾಲು ತೆರೆದೇ ಇರುತ್ತದೆ.