ಎ320 ಬೋರ್ಡಿನಲ್ಲಿ ರೈಜನ್ 5600: ನನ್ನ ಅನುಭವ

ಎ320 ಎಂಬ ಹಳೆ ಮದರ್‌ಬೋರ್ಡಿನಲ್ಲಿ ಎಎಂಡಿಯ ರೈಜನ್ 5 5600 ಪ್ರೊಸೆಸರ್ ಓಡುತ್ತದೆ. ಚೆನ್ನಾಗಿಯೇ ಓಡುತ್ತದೆ. ಮುಂಬಯಿಯ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದ ಕಡೆಯೆಲ್ಲ "ಬೋರ್ಡ್ ಸುಟ್ಟುಹೋಗುತ್ತೆ, ಹೊಸದು ತಗೊಳ್ಳಿ" ಎಂದಿದ್ದರು. ಡೊಂಬಿವಲಿಯ ಗೆಳೆಯರೂ "ಸುಮ್ನೆ ದುಡ್ಡು ಹಾಳು ಮಾಡ್ಬೇಡಿ ಮಾರಾಯ್ರೆ" ಎಂದರು. ನನ್ನ ಹಳೆಯ ಪ್ರೊಸೆಸರ್ ರೈಜನ್ 3 1200 ಕೂಡ 65 ವಾಟ್, 5600 ಕೂಡ 65 ವಾಟ್. ಸುಡುವುದು ಯಾಕೆ? ಎ320 ಸೇರಿದ 300 ಸರಣಿಯ ಬೋರ್ಡುಗಳಿಗೆ 5000 ಸರಣಿಯ ಪ್ರೊಸೆಸರುಗಳನ್ನು ಎಎಂಡಿ 2022ರಲ್ಲೇ ತೆರೆದುಕೊಟ್ಟಿದೆ.

ನನ್ನದು ಯಕ್ಷಗಾನ, ಸಂಘದ ಕಾರ್ಯಕ್ರಮ, ಮದುವೆಗಳ ವಿಡಿಯೋ ಎಡಿಟಿಂಗ್. ರೈಜನ್ 3 1200, 8 ಜಿಬಿಯ ಒಂದೇ ರ‍್ಯಾಮ್, 1050 ಟಿಐ ಗ್ರಾಫಿಕ್ಸ್ ಕಾರ್ಡು, ಇಷ್ಟೇ ನನ್ನ ಕಂಪ್ಯೂಟರ್. ಮೂರು ಗಂಟೆಯ ಪ್ರಸಂಗವನ್ನು ಎಕ್ಸ್‌ಪೋರ್ಟ್‌ಗೆ ಹಾಕಿದರೆ ಇಡೀ ರಾತ್ರಿ ಹೋಗುತ್ತಿತ್ತು. ಅದರ ಮೇಲೆ 2025ರ ಅಕ್ಟೋಬರಿಗೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು, ವಿಂಡೋಸ್ 11ರ ಪಟ್ಟಿಯಲ್ಲಿ 1200 ಇಲ್ಲ. ಬೋರ್ಡು, ಡಿಡಿಆರ್5, ಪ್ರೊಸೆಸರ್ ಎಲ್ಲ ಹೊಸದು ಎಂದರೆ 35 ಸಾವಿರಕ್ಕೂ ಜಾಸ್ತಿ ಹೇಳಿದರು.

ಹೊಸ ಪ್ರೊಸೆಸರನ್ನು ಬೋರ್ಡು ಗುರುತಿಸಬೇಕಾದರೆ ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳ ಪ್ರೋಗ್ರಾಂ) ಅಪ್‌ಡೇಟನ್ನು ಹಳೆ ಪ್ರೊಸೆಸರ್ ಕೂತಿರುವಾಗಲೇ ಮಾಡಬೇಕು. ನನ್ನ ಬೋರ್ಡು ನೇರವಾಗಿ ಕೊನೆಯ ಆವೃತ್ತಿಯನ್ನು ಒಪ್ಪಲಿಲ್ಲ. ನಡುವಿನ ಒಂದನ್ನು ಹಾಕಿ, ಆಮೇಲೆ ಅದಕ್ಕೆ ಹೋದೆ. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು, ಮಳೆಗಾಲದಲ್ಲಿ ನಮ್ಮ ಕಡೆ ಅದನ್ನು ನಂಬುವ ಹಾಗಿಲ್ಲ. ಮೊದಲು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ, ಸಾವಿರದ ಹತ್ತಿರ ಆಯಿತು. ಆ ಸಾವಿರ ಉಳಿಸಲು ಹೋಗಬೇಡಿ.

ಕೂಲರ್ ತೆಗೆಯುವಾಗ ಒಣಗಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರಬಹುದು. ಈ ಎಎಂ4 ಸಾಕೆಟ್ಟಿನ ಪ್ರೊಸೆಸರಿನಡಿ 1331 ಪಿನ್ನು, ಒಂದು ಬಗ್ಗಿದರೂ ತಲೆನೋವು. ಪೇಸ್ಟ್ ಮೆತ್ತಗಾಗಲೆಂದು ಕಾಲು ಗಂಟೆ ರೆಂಡರ್ ಹಾಕಿ ಬಿಸಿ ಮಾಡಿದೆ. ಆಫ್ ಮಾಡಿ, ಪ್ಲಗ್ ಕಿತ್ತು, ಎತ್ತದೆ ಮೆಲ್ಲಗೆ ತಿರುಗಿಸಿದೆ. ಒಂದು ಪಿನ್ನೂ ಅಲುಗಲಿಲ್ಲ.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರುತ್ತದೆ, ಬೋರ್ಡು ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಆಮೇಲೆ ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಇಟ್ಟುಕೊಳ್ಳುವ ಭಾಗ) ರೀಸೆಟ್ ಮಾಡಲೇ ಎಂದು ಕೇಳುತ್ತದೆ. ಡಿಸ್ಕಿಗೆ ವಿಂಡೋಸಿನ ಬೀಗ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಿ.

ದುಡ್ಡು ಕೈಬಿಟ್ಟಿದ್ದು ರ‍್ಯಾಮಿನಲ್ಲಿ. "ಟೆಸ್ಟ್ ಮಾಡಿದ್ದು" ಎಂದು ಕೊಟ್ಟ ಸೆಕೆಂಡ್ ಹ್ಯಾಂಡ್ 16 ಜಿಬಿ ಸ್ಟಿಕ್ಕಿನಲ್ಲಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯ ಪ್ರೋಗ್ರಾಂ ರಾತ್ರಿಯಿಡೀ ಎರರ್ ತೋರಿಸಿತು. ಸ್ಲಾಟಿಗೆ ಕೂರುವ ಲೋಹದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜಿದೆ, ಸ್ಲಾಟ್ ಬದಲಿಸಿದೆ, ವೇಗ ಇಳಿಸಿದೆ. ಏನೂ ಆಗಲಿಲ್ಲ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಹತ್ತಿರ ಹತ್ತಿರ ಎರಡು ಸಾವಿರ ಹೋಯಿತು, ಈಗಲೂ ಸಿಟ್ಟು ಬರುತ್ತದೆ. ಕೊನೆಗೆ 16 ಜಿಬಿಯ ಎರಡು ಸ್ಟಿಕ್ಕಿನ ಜೋಡಿಯನ್ನೇ ಹೊಸದಾಗಿ ತಂದೆ, ಆರು ಸಾವಿರದ ಆಸುಪಾಸು. ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್ ಎಕ್ಸ್‌ಎಂಪಿ ಆನ್ ಮಾಡಿದ ಕೂಡಲೇ 3200ರ ವೇಗಕ್ಕೆ ನಿಂತಿತು. ಎ320ಯಲ್ಲಿ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸುವ ಓವರ್‌ಕ್ಲಾಕ್ ಇಲ್ಲ, ಆದರೆ ಎಕ್ಸ್‌ಎಂಪಿಗೆ ಅಡ್ಡಿಯಿಲ್ಲ. ಟೈಮಿಂಗ್ ಇನ್ನೂ ಬಿಗಿ ಮಾಡಿದ್ದೇನೆ. ಆ ಅಂಕಿಗಳು ನನ್ನ ಹತ್ತಿರವೇ ಇರಲಿ.

ಕುತೂಹಲಕ್ಕೆ ಹಳೆಯ 8 ಜಿಬಿಯನ್ನು ಹೊಸ 16ರ ಜೊತೆ ಹಾಕಿ ನೋಡಿದೆ. ಎರಡೂ 2400ಕ್ಕೇ ಇಳಿದವು. ಎಕ್ಸ್‌ಪೋರ್ಟ್ ಸಮಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಟೈಮ್‌ಲೈನ್ ಎಳೆಯುವಾಗ ಮಾತ್ರ ತಡವರಿಸುತ್ತಿತ್ತು. ಇನ್ನೊಂದು: ನನ್ನ ಬೋರ್ಡಿನಲ್ಲಿ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟು ಹೊಂದಿಸಿ ಕೊಡುವ ಭಾಗ) ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಇಲ್ಲ. ಗುಜರಿ ಕ್ಯಾಬಿನೆಟ್ಟಿನ 80 ಎಂಎಂ ಫ್ಯಾನನ್ನು ಕೇಬಲ್ ಟೈನಲ್ಲಿ ಅಲ್ಲಿಗೇ ಕಟ್ಟಿದೆ. ಫ್ಯಾನ್ ಇಲ್ಲದಾಗ ಬೆರಳು ಇಡಲಾಗದಷ್ಟು ಬಿಸಿ ಇತ್ತು, ಈಗ ಆರಾಮಾಗಿ ಇಡಬಹುದು.

5600 ಸುಮಾರು ಒಂಬತ್ತೂವರೆ ಸಾವಿರಕ್ಕೆ ಸಿಕ್ಕಿತು. ಎಲ್ಲಿ ಎಂದು ಕೇಳಬೇಡಿ, ಆ ಅಂಗಡಿಯಲ್ಲಿ ನನಗಿನ್ನೂ ಕೆಲಸವಿದೆ. ಹೋದ ದುಡ್ಡೂ ಸೇರಿ ಒಟ್ಟು 18-19 ಸಾವಿರ. 1200 ಮಾರಿ ಎರಡು ಸಾವಿರ ವಾಪಸ್ ಬಂತು. ಈಗ ಅದೇ ಮೂರು ಗಂಟೆಯ ಪ್ರಸಂಗ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬೇಡ ಎಂದಿದ್ದ ಗೆಳೆಯರಲ್ಲಿ ಇಬ್ಬರು ತಮ್ಮ ಬೋರ್ಡಿನ ಮಾಡೆಲ್ ನಂಬರ್ ಕಳಿಸಿದ್ದಾರೆ. ಒಬ್ಬರ ಬೋರ್ಡಿಗೆ 5600 ಸರಿಹೋಗುತ್ತದೆ ಎಂದು ತಯಾರಕರ ಪಟ್ಟಿಯಲ್ಲಿದೆ, ಬರುವ ಭಾನುವಾರ ಅದಕ್ಕೆ ಕೈಹಾಕುತ್ತೇವೆ.