ಹನ್ನೊಂದು ಫ್ಯಾನು, ಎರಡು ಬೇಸಿಗೆ, ಒಂದು ಸದ್ದಿಲ್ಲದ ಪಿಸಿ

ತಾಳಮದ್ದಳೆಯಲ್ಲಿ (ವೇಷ ಕುಣಿತವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥಧಾರಿ, ಎಂದರೆ ಪಾತ್ರವಾಗಿ ಮಾತಾಡುವವರು, ಒಂದು ಮಾತು ಎಸೆದು ಎದುರಾಳಿಯ ಮುಖ ನೋಡಿಕೊಂಡು ಸುಮ್ಮನಾಗುತ್ತಾರಲ್ಲ, ಆ ಎರಡು ಸೆಕೆಂಡಿಗಾಗಿ ನಾನು ಹದಿನೆಂಟೂವರೆ ಸಾವಿರ ಖರ್ಚು ಮಾಡಿದ್ದೇನೆ. ಆ ಮೌನದ ಜಾಗದಲ್ಲಿ ನನ್ನ ರೆಕಾರ್ಡಿಂಗಿನಲ್ಲಿ ಕೇಳುತ್ತಿದ್ದದ್ದು ಪಿಸಿಯ ಗುಂಯ್‌ಗುಟ್ಟುವಿಕೆ. ನಾಯ್ಸ್ ರಿಡಕ್ಷನ್ ಹಾಕಿದರೆ ಕೃಷ್ಣ ಬಾವಿಯೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಹಾಕಿದವರಿಗೆ ಗೊತ್ತು.

ನಮ್ಮ ಮನೆ ಮಲ್ಪೆ ಕಡೆ, ಕಡಲಿಗೆ ಒಂದು ಕಿಲೋಮೀಟರ್ ಇರಬಹುದು. ಹಿಂದಿನ ಕೋಣೆಯೇ ಸ್ಟುಡಿಯೋ. ಮೈಕು, ಪಿಸಿ, ಕುರ್ಚಿ ಎಲ್ಲ ಅದರೊಳಗೆ. ಕಲಾವಿದರು ಬಿಡುವಾಗಿ ಸಿಗುವುದು ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ, ಎಂದರೆ ವರ್ಷದ ತಿರುಗಾಟ ಮುಗಿಸಿದ ಮೇಲೆ. ಮಳೆ ಹಿಡಿದರೆ ರೆಕಾರ್ಡಿಂಗ್ ಮುಗಿಯಿತು, ಹೊರಗಿನ ಸದ್ದಿನಲ್ಲಿ ಏನೂ ಮಾಡಲು ಆಗುವುದಿಲ್ಲ. ಹಾಗಾಗಿ ನನಗೆ ಸಿಗುವುದು ಮೇ ಕೊನೆಯಿಂದ ಮಳೆ ಹಿಡಿಯುವ ತನಕದ ಹತ್ತು ಹದಿನೈದು ದಿನ. ವರ್ಷದಲ್ಲೇ ಅತಿ ಕೆಟ್ಟ ಸೆಕೆ. ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ಆಫ್ ಮಾಡಿದರೆ ಕೋಣೆ 33, 34 ಡಿಗ್ರಿ. ಇಂಥ ಕೋಣೆಯಲ್ಲಿ ಪಿಸಿಯ ಫ್ಯಾನುಗಳನ್ನು ನಿಧಾನ ಮಾಡುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯ ನಕ್ಕ. "ಲಿಕ್ವಿಡ್ ಕೂಲರ್ ಹಾಕು, ಇಲ್ಲ ಲ್ಯಾಪ್‌ಟಾಪ್ ತಗೋ, ಉಡುಪಿಯ ಸೆಕೆಗೆ ಸೈಲೆಂಟ್ ಪಿಸಿ ಆಗುವ ಮಾತಲ್ಲ" ಅಂದ. ಲಿಕ್ವಿಡ್ ಹಾಕಿದರೂ ರೇಡಿಯೇಟರಿಗೆ ಫ್ಯಾನು ಬೇಕು, ಮೇಲಿಂದ ಪಂಪಿನ ಸದ್ದು ಬೇರೆ. ಅದನ್ನು ಅವನಿಗೆ ಹೇಳಲಿಲ್ಲ. ಮಾಡಿ ತೋರಿಸುವ ಅಂತ ಇದ್ದೆ.

ಪಿಸಿ ದೊಡ್ಡದೇನಲ್ಲ. ರೈಜೆನ್ 5 5600ಜಿ ಪ್ರೊಸೆಸರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಎಸ್‌ಎಸ್‌ಡಿ ಮಾತ್ರ. ಸದ್ದು ಬರಲು ಫ್ಯಾನು ಬಿಟ್ಟರೆ ಬೇರೆ ಕಾರಣವೇ ಇಲ್ಲ. ಆದರೂ ಮೊದಲ ಬೇಸಿಗೆ ಪೂರ್ತಿ ಹಾಳಾಯಿತು.

ಮೊದಲ ತಪ್ಪು ಕೇಸು, ಪಿಸಿಯ ಪೆಟ್ಟಿಗೆ. ಎದುರಿಗೆ ಇಡೀ ಗಾಜು, ಬದಿಯಲ್ಲಿ ಬೆರಳು ಹೋಗದಷ್ಟು ಸೀಳು. ಮೂರು ಬಣ್ಣದ ಫ್ಯಾನು, ಸೆಟ್ಟಿಗೆ ಸಾವಿರದ ಆರುನೂರು. ಅಂಗಡಿಯವರು "ಫ್ಯಾನು ಹೆಚ್ಚಿದ್ದಷ್ಟು ಒಳ್ಳೆಯದು ಸರ್" ಎಂದರು, ನಾನೂ ತಲೆ ಅಲ್ಲಾಡಿಸಿದೆ. ಅವು ಮೂರು ಪಿನ್ನಿನವು. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್) ಆ ಹೆಡರ್, ಎಂದರೆ ಫ್ಯಾನು ಚುಚ್ಚುವ ಜಾಗ, ಪಿಡಬ್ಲ್ಯುಎಂ ಮೋಡಿನಲ್ಲಿತ್ತು, ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ಹಿಡಿಯುವ ಕ್ರಮ. ಮೂರು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ ಎಂದರೆ ಪೂರ್ತಿ 12 ವೋಲ್ಟ್, ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆ) ಎಷ್ಟು ಎಳೆದರೂ ಅದಕ್ಕೆ ತಾಗುವುದಿಲ್ಲ. ಎರಡು ರಾತ್ರಿ ಗ್ರಾಫ್ ಎಳೆದೆ ಎಳೆದೆ, ಸದ್ದು ಇದ್ದಲ್ಲೇ. ಹತ್ತು ವರ್ಷದಿಂದ ಪಿಸಿ ಜೋಡಿಸುವವನಿಗೆ ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಡಿಸಿ ಮೋಡ್ ನೆನಪಾದದ್ದು ಮೂರನೇ ದಿನ. ಹೇಳಲು ನಾಚಿಕೆ, ಆದರೂ ಹೇಳಿದ್ದೇನೆ. ಡಿಸಿ ಹಾಕಿ ಇಳಿಸಿದ ಮೇಲೂ ಆ ಸೀಳಿನಲ್ಲಿ ಗಾಳಿ ಎಳೆಯುವಾಗ ಸಿಳ್ಳೆ ಹಾಕುತ್ತಿತ್ತು. ಉಸಿರು ಕಟ್ಟಿದ ಕೇಸಿಗೆ ಯಾವ ಫ್ಯಾನು ಹಾಕಿದರೂ ಅಷ್ಟೆ.

ಆಮೇಲೆ "ಸೈಲೆಂಟ್" ಎಂದು ಡಬ್ಬಿಯ ಮೇಲೆ ಬರೆದ ಎರಡು 120 ಎಂಎಂ ಫ್ಯಾನು ತಂದೆ. ಎರಡಕ್ಕೆ ಒಂಬೈನೂರು. ಸ್ಲೀವ್ ಬೇರಿಂಗ್, ಎಣ್ಣೆ ಹಾಕಿದ ಕೊಳವೆಯಲ್ಲಿ ಅಚ್ಚು ತಿರುಗುವ ಅಗ್ಗದ ಬಗೆ. ಮೊದಲ ತಿಂಗಳು ನಿಜಕ್ಕೂ ಚೆನ್ನಾಗಿತ್ತು, ಬೀಗಿಕೊಂಡು ತಿರುಗಿದೆ. ಒಂದನ್ನು ಕೇಸಿನ ಮೇಲ್ಭಾಗದಲ್ಲಿ ಮಲಗಿಸಿ ಕೂರಿಸಿದ್ದೆ. ಸ್ಲೀವ್ ಬೇರಿಂಗಿಗೆ ಮಲಗಿಸಿದರೆ ಆಗುವುದಿಲ್ಲ, ಮೇಲಿಂದ ಒಳಗಿನ ಬಿಸಿಗೆ ಎಣ್ಣೆಯೂ ಆರುತ್ತದೆ. ನಾಲ್ಕನೇ ತಿಂಗಳಿಗೆ ಟರ್ರ್ ಎಂದು ಶುರು. ಹಿಂದಿನ ಸ್ಟಿಕ್ಕರ್ ಎತ್ತಿ ಎಣ್ಣೆ ಬಿಡುವುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಆ ದಿನ ಮನೆಯಲ್ಲಿ ಹೊಲಿಗೆ ಮೆಷಿನ್ ಎಣ್ಣೆ ಮುಗಿದಿತ್ತು. ಅಡುಗೆಮನೆಯಲ್ಲಿ ಗಾಣದ ತೆಂಗಿನೆಣ್ಣೆ ಇತ್ತು. ನಮ್ಮಲ್ಲಿ ಬಾಗಿಲ ಕೀಲಿಗೂ ಅದೇ, ತಲೆಗೂ ಅದೇ. ಎರಡು ಬಿಂದು ಬಿಟ್ಟೆ. ನಾಲ್ಕು ದಿನ ಬೆಣ್ಣೆಯ ಹಾಗೆ ತಿರುಗಿತು. ಒಂದು ವಾರದಲ್ಲಿ ಧೂಳು ಸೇರಿ ಅಂಟಾಗಿ ಫ್ಯಾನು ಪಟ್ಟು ಹಿಡಿದು ಕೂತಿತು. ಅದರ ಜೋಡಿಗೆ ಹೊಲಿಗೆ ಎಣ್ಣೆ ಹಾಕಿದ್ದು ಐದಾರು ತಿಂಗಳು ಬಂತು. ಈಗ ಎಣ್ಣೆ ಒಳಗೇ ಮುಚ್ಚಿಟ್ಟ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಇಲ್ಲದ್ದನ್ನು ಮುಟ್ಟುವುದಿಲ್ಲ.

ಕಡಲ ಗಾಳಿಯ ಕತೆ ಬೇರೆ. ಕಬ್ಬಿಣದ ಫ್ಯಾನ್ ಗ್ರಿಲ್ ಒಂದು ಮಳೆಗಾಲ ಕಳೆಯುವಾಗ ಕೆಂಪಗೆ ಉದುರಿ ಎಸಳಿನ ಮೇಲೆ ಬಿದ್ದಿತ್ತು. ಸ್ಕ್ರೂ ತಲೆ ತುಕ್ಕು ಹಿಡಿದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಮಲ್ಪೆ ಬಂದರಿನ ಹತ್ತಿರ ಬೋಟಿನ ಸಾಮಾನು ಮಾರುವಲ್ಲಿ ಹೋಗಿ ಸ್ಟೇನ್‌ಲೆಸ್ ಸ್ಕ್ರೂ ಕೇಳಿದೆ. "ಯಾವ ಬೋಟಿಗೆ?" ಅಂತ ಕೇಳಿದರು. ಅಳತೆ ತೋರಿಸಿದ ಮೇಲೆ ಒಂದು ಮುಷ್ಟಿ ಕೊಟ್ಟು ಮೂವತ್ತೋ ನಲವತ್ತೋ ತಗೊಂಡರು. ಕೇಸಿನ ಬಾಗಿಲಿಗೆ ಇವತ್ತಿಗೂ ಅವೇ. ಫ್ಯಾನಿಗೆ ಮಾತ್ರ ರಬ್ಬರ್ ಪಿನ್ನು.

ರಬ್ಬರ್ ಎಂದ ಕೂಡಲೇ ಒಂದು ಅಡ್ಡದಾರಿ. ಸುಳ್ಯದಲ್ಲಿ ಭಾವನಿಗೆ ರಬ್ಬರ್ ತೋಟ ಉಂಟು. ಹೊಗೆಗೂಡಿನಲ್ಲಿ ಒಣಗಿಸಿದ ಒಂದು ಶೀಟು ತಂದು ವಾಷರಿನ ಹಾಗೆ ಕತ್ತರಿಸಿ ಫ್ಯಾನಿಗೂ ಕೇಸಿಗೂ ನಡುವೆ ಕೊಟ್ಟೆ. ಕಂಪನ ಒಳ್ಳೆಯ ಹಾಗೇ ತಡೆಯಿತು. ಆದರೆ ಬಿಸಿಗಾಳಿ ತಾಗಿ ಕೋಣೆಯಿಡೀ ಹೊಗೆಗೂಡಿನ ವಾಸನೆ. ಬಂದ ಅರ್ಥಧಾರಿಯೊಬ್ಬರು ಮೂಗು ಮುಚ್ಚಿ "ಇಲ್ಲಿ ಲಂಕಾದಹನ ಪ್ರಸಂಗವೇ ಸರಿ" ಅಂದರು. ತೆಗೆದು ಬಿಸಾಡಿದೆ. ಇನ್ನೊಂದು, ಫ್ಯಾನಿನ ಗಾಳಿ ನೇರ ಕೂಲರಿಗೆ (ಪ್ರೊಸೆಸರಿನ ಬಿಸಿ ಎಳೆಯುವ ಲೋಹದ ಗೂಡು) ಹೋಗಲಿ ಎಂದು ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಬಗ್ಗಿಸಿ ಡಕ್ಟ್ ಮಾಡಿದ್ದು. ಇದು ಕೆಲಸ ಮಾಡಿತು ಮಾರಾಯ್ರೆ! ಎರಡು ಮೂರು ಡಿಗ್ರಿ ಕಡಿಮೆ, ಖರ್ಚು ಸೊನ್ನೆ. ಜುಲೈಯಲ್ಲಿ ತೆರೆದು ನೋಡಿದರೆ ಬಿಳೀ ಬೂಸ್ಟು. ಒಣ ಊರಿನವರು ಬೇಕಾದರೆ ಮಾಡಿ ನೋಡಿ.

ಸದ್ದು ಅಳೆಯಲು ಫೋನಿನ ಆ್ಯಪ್ ನಂಬಿ ಕೂರಬೇಡಿ. ಮೆಲ್ಲಗಿನ ಸದ್ದಿಗೆ ಅದು ಮನಸ್ಸಿಗೆ ಬಂದದ್ದನ್ನು ತೋರಿಸುತ್ತದೆ. ನನ್ನ ಕ್ರಮ ಹೀಗೆ: ರಾತ್ರಿ ಎರಡು ಗಂಟೆಗೆ, ಅದೂ ಡಿಸೆಂಬರ್ ಜನವರಿಯಲ್ಲಿ (ಮಳೆಗಾಲದಲ್ಲಿ ಕಪ್ಪೆ ಬಿಡುವುದಿಲ್ಲ), ಕಂಡೆನ್ಸರ್ ಮೈಕನ್ನು ಕೂರುವ ಜಾಗದಲ್ಲಿಟ್ಟು, ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಮುಟ್ಟದೆ, ಒಂದು ನಿಮಿಷ ಖಾಲಿ ರೆಕಾರ್ಡ್. ಆಮೇಲೆ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್, ಎಂದರೆ ಯಾವ ಸ್ವರ ಎಷ್ಟು ಜೋರು ಎಂಬ ಗ್ರಾಫ್. ಯಾವ ಫ್ಯಾನು ಕಿರಿಕಿರಿ ಎಂದು ಹುಡುಕಲು ಲೆಕ್ಕ ಸುಲಭ: ಎಸಳಿನ ಸಂಖ್ಯೆಯನ್ನು ನಿಮಿಷದ ಸುತ್ತು, ಎಂದರೆ ಆರ್‌ಪಿಎಂನಿಂದ ಗುಣಿಸಿ ಅರವತ್ತರಿಂದ ಭಾಗಿಸಿ. ಒಂಬತ್ತು ಎಸಳು 1000 ಆರ್‌ಪಿಎಂನಲ್ಲಿ ತಿರುಗಿದರೆ 150 ಹರ್ಟ್ಸ್‌ನಲ್ಲಿ ಒಂದು ಮೊನೆ ಎದ್ದಿರುತ್ತದೆ.

ಈ ಲೆಕ್ಕ ಗೊತ್ತಿದ್ದೂ ನಾನು ಮಂಗ ಆದದ್ದು ಎರಡನೇ ಬೇಸಿಗೆಗೆ ಮೊದಲು. ಆಗ ಗಾಜಿನ ಕೇಸನ್ನು ಮಾರಿ (ಸಿಕ್ಕಿದ್ದು ಜುಜುಬಿ) ಎದುರು ಪೂರ್ತಿ ಜಾಲಿ ಇರುವ ಕೇಸು ತಂದಿದ್ದೆ, ನಾಲ್ಕೂವರೆ ಸಾವಿರ. ಎದುರಿಗೆ ಐದೆಸಳಿನ ಎರಡು ಆರ್ಕ್ಟಿಕ್ ಪಿ14, 140 ಎಂಎಂ, ಎರಡೂ ಸೇರಿ ಎರಡು ಸಾವಿರದ ಆಸುಪಾಸು. ಎರಡನ್ನೂ 600 ಆರ್‌ಪಿಎಂಗೆ ಕಟ್ಟಿಹಾಕಿದೆ. ಕಿವಿಗೆ ಏನೂ ಇಲ್ಲ. ಆದರೆ ಸ್ಪೆಕ್ಟ್ರಮ್‌ನಲ್ಲಿ 50 ಹರ್ಟ್ಸ್‌ನಲ್ಲಿ ಗೂಟ ಹೊಡೆದ ಹಾಗೆ ಒಂದು ಮೊನೆ. 50 ಹರ್ಟ್ಸ್ ನೋಡಿದರೆ ರೆಕಾರ್ಡಿಂಗಿನವರ ಮನಸ್ಸು ಎಲ್ಲಿಗೆ ಹೋಗುತ್ತದೆ? ಕರೆಂಟಿಗೆ, ನಮ್ಮ ಕರೆಂಟಿನದ್ದೂ 50 ಹರ್ಟ್ಸ್. ಅರ್ತಿಂಗ್ ಸರಿ ಇಲ್ಲ ಎಂದು ಎಲೆಕ್ಟ್ರಿಷಿಯನ್ ಕರೆಸಿ, ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಸಾವಿರದ ಎಂಟುನೂರು ಕೊಟ್ಟೆ. ಕೇಬಲ್ ಬದಲಿಸಿದೆ. ಇನ್ವರ್ಟರ್ ಬಂದ್ ಮಾಡಿದೆ. ಮೊನೆ ಅಲ್ಲೇ. ಒಂದು ದಿನ ಏನೋ ಪರೀಕ್ಷೆಗೆ ಫ್ಯಾನು 660ಕ್ಕೆ ಏರಿಸಿದೆ, ಮೊನೆ 55ಕ್ಕೆ ಸರಿಯಿತು. ಕರೆಂಟು ಸರಿಯುತ್ತದೆಯೇ? ಐದು ಗುಣಿಸು ಆರುನೂರು, ಭಾಗಿಸು ಅರವತ್ತು. ಐವತ್ತು! ಬದಿಯ ತಗಡು ಅದೇ ಸ್ವರಕ್ಕೆ ಶ್ರುತಿ ಹಿಡಿದು ನಡುಗುತ್ತಿತ್ತು. ತಪ್ಪು ಫ್ಯಾನಿನದ್ದಲ್ಲ, ನನ್ನ ತಲೆಯದ್ದು. ಮನೆಗೆ ಒಳ್ಳೆಯ ಅರ್ತಿಂಗ್ ಆಯಿತು ಎಂದು ಸಮಾಧಾನ ಮಾಡಿಕೊಂಡೆ.

ಅದರ ಬಾಲಕ್ಕೆ ಇನ್ನೊಂದು. ಎರಡು ಫ್ಯಾನುಗಳನ್ನು ಒಂದೇ ವೇಗಕ್ಕೆ ಇಟ್ಟರೂ ಒಂದು 660, ಇನ್ನೊಂದು 666 ಅಂತ ತಿರುಗುತ್ತದೆ. ಅರ್ಧ ಹರ್ಟ್ಸ್ ವ್ಯತ್ಯಾಸ, ಎಂದರೆ ಎರಡು ಸೆಕೆಂಡಿಗೊಮ್ಮೆ ವೂಂ… ವೂಂ… ಎಂದು ಅಲೆ ಬಂದ ಹಾಗೆ. ಇದು ನಿರಂತರ ಸದ್ದಿಗಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಕಿವಿ ಅದನ್ನೇ ಎಣಿಸುತ್ತಾ ಕೂರುತ್ತದೆ. ಬೇಕೆಂದೇ ಎರಡರ ನಡುವೆ ಅಂತರ ಇಟ್ಟೆ, ಮಾಯವಾಯಿತು. ಎಷ್ಟು ಅಂತರ, ಮೇಲಿನದ್ದು ಜೋರೋ ಕೆಳಗಿನದ್ದೋ, ಅದನ್ನು ಇಲ್ಲಿ ಹೇಳುವುದಿಲ್ಲ. ನಿಮ್ಮ ಕೇಸಿಗೆ ನೀವೇ ಹುಡುಕಬೇಕು, ನನಗೂ ಯಾರೂ ಹೇಳಿಕೊಟ್ಟದ್ದಲ್ಲ.

ಕೂಲರು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಮೂರೂವರೆ ಸಾವಿರ ಕೊಟ್ಟ ನೆನಪು. ಈ ಪ್ರೊಸೆಸರಿಗೆ ಅದು ಇಲಿ ಹಿಡಿಯಲು ಆನೆ ತಂದ ಹಾಗೆ ಎಂದು ಎಲ್ಲರೂ ಹೇಳಿದರು. ಹೌದು, ಅದಕ್ಕೇ ತಂದದ್ದು. ಅದರ ಎರಡೂ ಫ್ಯಾನು ತೆಗೆದು ನಡುವೆ ಒಂದೇ ಒಂದು ನಾಕ್ಟುವಾ ಎನ್ಎಫ್-ಎ12ಎಕ್ಸ್25 ಕೂರಿಸಿದೆ. ಅದೊಂದಕ್ಕೇ ಮೂರು ಸಾವಿರದ ಹತ್ತಿರ. "ಮನೆಯ ಸೀಲಿಂಗ್ ಫ್ಯಾನಿಗೂ ಅಷ್ಟಿಲ್ಲ" ಎಂದು ಹೆಂಡತಿ ಹೇಳಿದ್ದಕ್ಕೆ ಉತ್ತರ ಇರಲಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕೂಲರಿನ ಜತೆ ಬಂದ ಫ್ಯಾನನ್ನೇ 700ಕ್ಕೆ ಇಳಿಸಿದ್ದರೂ ಮುಕ್ಕಾಲು ಕೆಲಸ ಆಗುತ್ತಿತ್ತು. ನಾಕ್ಟುವಾದ ಕಂದು ಬಣ್ಣದ ಮೋಹ, ಏನು ಮಾಡುವುದು. ಹಿಂದುಗಡೆ ಅದೇ ಕಂಪನಿಯ ಎನ್ಎಫ್-ಪಿ12 ರಿಡಕ್ಸ್-1300 ಫ್ಯಾನು, ಬೆಲೆ ಸಾವಿರದ ಇನ್ನೂರು.

ನಿಜವಾದ ಗುಟ್ಟು ಫ್ಯಾನಿನಲ್ಲಿ ಅರ್ಧ, ಕರ್ವ್‌ನಲ್ಲಿ ಅರ್ಧ. ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಗಾಳಿ ಮಾತ್ರ ಅರ್ಧವೇ ಇಳಿಯುವುದು. ಇಷ್ಟು ಲಾಭದ ವ್ಯಾಪಾರ ಮೀನು ಮಾರ್ಕೆಟಿನಲ್ಲೂ ಸಿಗದು. ಆದರೆ ರೈಜೆನ್‌ಗೆ ಒಂದು ಚಾಳಿ, ಬ್ರೌಸರ್ ತೆರೆದರೂ ಹದಿನೈದು ಡಿಗ್ರಿ ಹಾರಿ ಮತ್ತೆ ಇಳಿಯುತ್ತದೆ. ಫ್ಯಾನು ಅದರ ಹಿಂದೆ ಓಡಿದರೆ ಏದುಸಿರು ಬಿಟ್ಟ ಹಾಗೆ ಏರಿಳಿಯುತ್ತದೆ. ಏರಿಳಿತವೇ ಕೇಳಿಸುವುದು, ಸಮನಾದ ಸದ್ದಲ್ಲ. ಹಾಗಾಗಿ 68 ಡಿಗ್ರಿ ತನಕ ಗೆರೆ ಪೂರ್ತಿ ಚಪ್ಪಟೆ, ಆಮೇಲೆ ಮೆಲ್ಲಗೆ ಏರಿಕೆ, ಏರಲು ಇಳಿಯಲು ಎರಡಕ್ಕೂ ತಡ. ಎದುರಿನ ಫ್ಯಾನುಗಳನ್ನು ಪ್ರೊಸೆಸರಿನ ಬಿಸಿಗೆ ಕಟ್ಟದೆ ಬೋರ್ಡಿನ ಸೆನ್ಸರಿಗೆ ಕಟ್ಟಿದೆ, ಅದು ಗಂಭೀರ, ಬೇಗ ಅಲುಗುವುದಿಲ್ಲ. ಪ್ರೊಸೆಸರಿನ ವಿದ್ಯುತ್ ಮಿತಿಯನ್ನು 60 ವ್ಯಾಟಿನ ಸುತ್ತಮುತ್ತ ಇಟ್ಟಿದ್ದೇನೆ. ಮುಗಿದ ಆಡಿಯೋವನ್ನು ಫೈಲಾಗಿ ಬರೆಸುವ ಹತ್ತು ನಿಮಿಷದ ಎಕ್ಸ್‌ಪೋರ್ಟಿಗೆ ಅರ್ಧ ನಿಮಿಷ ಹೆಚ್ಚು ಹೋಗಬಹುದು. ಆ ಅರ್ಧ ನಿಮಿಷ ಚಹಾ ಕುಡಿಯಿರಿ.

ಫಲಿತಾಂಶ? ಮೇ ಕೊನೆಯಲ್ಲಿ ಕೋಣೆ 33 ಇರುವಾಗ, ಎರಡು ಗಂಟೆ ರೆಕಾರ್ಡಿಂಗ್, ಪ್ರೊಸೆಸರ್ 55 ಡಿಗ್ರಿ ದಾಟಿದ್ದು ಅಪರೂಪ. ಎಕ್ಸ್‌ಪೋರ್ಟಿಗೆ 72, 73. ಈ ಪ್ರೊಸೆಸರಿನ ಮಿತಿ 95. ಜನ 70 ಕಂಡರೆ ಯಾಕೆ ಹೌಹಾರುತ್ತಾರೋ ಗೊತ್ತಿಲ್ಲ, ಅದಕ್ಕೇನು ಜ್ವರ ಬಂದಿದೆಯೇ? ಖಾಲಿ ರೆಕಾರ್ಡಿಂಗಿನ ಮಟ್ಟ ಗಾಜಿನ ಕೇಸಿನ ಕಾಲಕ್ಕಿಂತ ಹದಿನಾಲ್ಕೋ ಹದಿನೈದೋ ಡೆಸಿಬೆಲ್ ಕೆಳಗೆ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ, ಅಲ್ಲಿ ಮೈಕಿನ ಸದ್ದು ಹಿಗ್ಗಿಸುವ ನನ್ನ ಪ್ರೀಆ್ಯಂಪಿನದ್ದೇ ಸುಯ್ಯ್ ಎನ್ನುವ ಸದ್ದು.

ಬೆಂಗಳೂರಿನ ಗೆಳೆಯ ಕಳೆದ ತಿಂಗಳು ಬಂದಿದ್ದ. ಪಿಸಿ ನೋಡಿ ಏನೂ ಹೇಳಲಿಲ್ಲ, ಊಟಕ್ಕೆ ಕೂತಾಗ ಮೆಲ್ಲಗೆ ಕೇಸಿನ ಹೆಸರು ಕೇಳಿದ. ಕೇಸಿನ ಅಡಿಗೆ ಏನಿಟ್ಟಿದ್ದೀ ಎಂದೂ ಕೇಳಿದ. ಕೇಸಿನ ಹೆಸರು ಮಾತ್ರ ಹೇಳಿದೆ.

ಹದಿನೆಂಟೂವರೆಯಲ್ಲಿ ಗಾಜಿನ ಕೇಸಿನ ಬಣ್ಣದ ಫ್ಯಾನು, ಸ್ಲೀವ್ ಬೇರಿಂಗು, ಅರ್ತಿಂಗ್ ಗುಂಡಿ ಬಿಟ್ಟರೆ ಉಳಿಯುವುದು ಹದಿನಾಲ್ಕು ಸಾವಿರದ ಚಿಲ್ಲರೆ. ಕಂದು ಫ್ಯಾನಿನ ಮೋಹ ಬಿಟ್ಟವರಿಗೆ ಹನ್ನೊಂದರಲ್ಲಿ ಆಗುತ್ತದೆ. ಕೊಂಡ ಹನ್ನೊಂದು ಫ್ಯಾನಿನಲ್ಲಿ ತಿರುಗುತ್ತಿರುವುದು ನಾಲ್ಕು. ತೆಂಗಿನೆಣ್ಣೆ ಕುಡಿದದ್ದು ಗುಜರಿಗೆ ಹೋಯಿತು. ಕೂಲರಿನಿಂದ ತೆಗೆದ ಎರಡನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಬಿಸ್ಕೆಟ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಕೇಳಿಕೊಂಡು ಬರಬೇಡಿ, ಮೊನ್ನೆ ಹಿಂದಿನ ಫ್ಯಾನಿನ ರಬ್ಬರ್ ಪಿನ್ನು ಎಳೆದು ನೋಡಿದೆ, ಸ್ವಲ್ಪ ಗಟ್ಟಿಯಾದ ಹಾಗೆ ಕಂಡಿತು.