ಮಾಂಸ ಸಿಕ್ಕಿತು, ಕೇಸು ನಿಲ್ಲಲಿಲ್ಲ: ಒಬ್ಬ ವಲಯ ಅರಣ್ಯಾಧಿಕಾರಿಯ ಅನುಭವ

ನಾನು ಮಲೆನಾಡಿನಲ್ಲಿ ವಲಯ ಅರಣ್ಯಾಧಿಕಾರಿ. ನನ್ನ ಮೊದಲ ಬೇಟೆ ಕೇಸು ಕೋರ್ಟಿನಲ್ಲಿ ಬಿದ್ದುಹೋಯಿತು. ತಪ್ಪು ನನ್ನದೇ.

ರಾತ್ರಿ ಎರಡು ಗಂಟೆ, ಜೋರು ಮಳೆ. ಒಂದು ಮನೆಯ ಕೊಟ್ಟಿಗೆಯಲ್ಲಿ ಜಿಂಕೆ ಮಾಂಸ ಸಿಕ್ಕಿತು. ಮಳೆಯಲ್ಲಿ ಕೂತು ಬರೆಯುವುದು ಹೇಗೆ ಅಂತ ಮಾಂಸವನ್ನು ಜೀಪಿಗೆ ಹಾಕಿಕೊಂಡು ಬಂದೆವು. ಮಹಜರು (ಸಾಕ್ಷಿಗಳ ಎದುರು ಬರೆಯುವ ಜಪ್ತಿಯ ವಿವರ), ಸೀಲು ಎಲ್ಲವೂ ಬೆಳಿಗ್ಗೆ ಕಚೇರಿಯಲ್ಲಿ ಆಯಿತು. ಕೆಡಬಾರದು ಅಂತ ಒಂದು ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿಟ್ಟೆ.

ಆರೋಪಿ ಪರ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಪಂಚರಿಗೆ, ಅಂದರೆ ಮಹಜರಿನ ಸಾಕ್ಷಿಗಳಿಗೆ, ‘ಈ ಪೊಟ್ಟಣ ಅದೇ ಮನೆಯದ್ದು ಅಂತ ನಿಮಗೆ ಹೇಗೆ ಗೊತ್ತು?’ ನನಗೆ, ‘ಇದು ಕುರಿ ಮಾಂಸ ಅಲ್ಲ ಅನ್ನೋದಕ್ಕೆ ಏನು ಪುರಾವೆ?’ ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಹಾಳಾಗುತ್ತದೆ. ಪ್ರಯೋಗಾಲಯದಿಂದ ಉತ್ತರ ಬರಲಿಲ್ಲ. ಆರೋಪಿ ಮನೆಗೆ ಹೋದ. ಆ ಜಿಂಕೆಗೆ ನ್ಯಾಯ ಸಿಗಲಿಲ್ಲವಲ್ಲ ಅಂತ ಎಷ್ಟೋ ದಿನ ನಿದ್ದೆ ಬರಲಿಲ್ಲ.

ಅಲ್ಲಿಂದ ಪದ್ಧತಿಯನ್ನೇ ಬದಲಿಸಿದೆ. ಎಷ್ಟೇ ಮಳೆ ಬರಲಿ, ಟಾರ್ಪಾಲಿನ್ ಕಟ್ಟಿ ಸ್ಥಳದಲ್ಲೇ ಮಹಜರು. ಪಂಚರ ಕಣ್ಣೆದುರೇ ಅರಗಿನ ಸೀಲು, ಚೀಟಿ ಮೇಲೆ ಅವರ ಸಹಿ. ಮಾಂಸದ ತುಂಡು ಈಗ ಎಥನಾಲ್ ಬಾಟಲಿಗೆ ಹೋಗುತ್ತದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ, ವನ್ಯಜೀವಿಗಳಿಗೆಂದೇ ಇರುವ ಲ್ಯಾಕೋನ್ಸ್ ಪ್ರಯೋಗಾಲಯದವರು ಅದರಿಂದ ಯಾವ ಪ್ರಾಣಿ ಅಂತ ಹೇಳುತ್ತಾರೆ. ಬೇಯಿಸಿದ ಮಾಂಸವಾದರೂ ಬಿಡುವುದಿಲ್ಲ, ಪಾತ್ರೆ ಸಮೇತ ಜಪ್ತಿ. ಅದರಲ್ಲೂ ಎಷ್ಟೋ ಸಲ ಡಿಎನ್‌ಎ ಸಿಗುತ್ತದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಪ್ರಕಾರ ಶೋಧ, ಜಪ್ತಿಯ ವಿಡಿಯೊ ಮಾಡಲೇಬೇಕು. ಕೆಲವು ಸಿಬ್ಬಂದಿಗೆ ಇದು ಕಿರಿಕಿರಿ. ನನಗಂತೂ ಇದರಿಂದ ದೊಡ್ಡ ಉಪಕಾರವಾಗಿದೆ.

ಶಿಕ್ಷೆ ಎಷ್ಟು ಅಂತ ಊರಿನವರು ಕೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆಯ ಮೊದಲನೇ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ, ಪ್ರಾಣಿಯಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ. ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ. ಅಭಯಾರಣ್ಯದ ಒಳಗಿನ ಬೇಟೆಗೂ ಇದೇ ಶಿಕ್ಷೆ. ಅಲ್ಲಿ ಸತ್ತದ್ದು ಮೊಲವೇ ಆಗಿರಲಿ. ಇಂಥ ಕೇಸನ್ನು ದಂಡ ಕಟ್ಟಿಸಿಕೊಂಡು ರಾಜಿ ಮಾಡಲು ನನಗೆ ಅಧಿಕಾರವಿಲ್ಲ. ‘ಸಾರ್, ಏನಾದರೂ ಕಟ್ಟಿ ಮುಗಿಸೋಣ’ ಅಂತ ಬಂದವರಿಗೆ ಇದನ್ನೇ ಹೇಳಿ ಕಳಿಸುತ್ತೇನೆ.

ನಾನು ಕಂಡಂತೆ ಜನ ದಂಡಕ್ಕಿಂತ ಜಾಸ್ತಿ ಹೆದರುವುದು ಬೈಕು ಮತ್ತು ಬಂದೂಕು ಹೋಗುವುದಕ್ಕೆ. ಬೇಟೆಗೆ ಬಳಸಿದ ವಾಹನ ಜಪ್ತಿಯಾಗುತ್ತದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಯಲ್ಲಿ ಪ್ರಾಣಿ ಹೊಡೆದು ಶಿಕ್ಷೆಯಾದರೆ ಕೋರ್ಟು ಆ ಲೈಸೆನ್ಸ್ ರದ್ದು ಮಾಡಬಹುದು. ಹಾಗೆ ಆದೇಶವಾದರೆ ಶಿಕ್ಷೆಯಾದ ದಿನದಿಂದ 5 ವರ್ಷ ಮತ್ತೆ ಸಿಗುವುದಿಲ್ಲ. ಗ್ರಾಮಸಭೆಯಲ್ಲಿ ಈ ಮಾತು ಹೇಳಿದಾಗ ಹಿಂದಿನ ಸಾಲಿನವರೂ ತಲೆ ಎತ್ತುತ್ತಾರೆ.

ಉರುಳಿನ ವಿಷಯ ಇನ್ನೂ ಕಷ್ಟ. ಬೈಕಿನ ಕ್ಲಚ್ ವೈರ್ ಸಾಕು, ಉರುಳು ತಯಾರು. ಹಂದಿಗೆ ಅಂತ ಬೇಲಿ ಬದಿಯಲ್ಲಿ ಇಡುತ್ತಾರೆ, ಚಿರತೆ ಬಂದು ಸಿಕ್ಕಿಕೊಳ್ಳುತ್ತದೆ. ಪ್ರಾಣಿ ಬೀಳದಿದ್ದರೂ ಉರುಳು ಇಡುವುದೇ ಬೇಟೆ ಅಂತ ಕಾಯ್ದೆ ಹೇಳುತ್ತದೆ. ಆದರೆ ಇಟ್ಟವನು ಯಾರು ಅಂತ ತೋರಿಸಬೇಕಲ್ವಾ? ಹಾಗಾಗಿ ನಮ್ಮ ವಾಚರ್‌ಗಳು ಉರುಳು ಕಂಡ ತಕ್ಷಣ ಕಿತ್ತು ತರುವುದಿಲ್ಲ. ಫೋಟೊ, ಜಿಪಿಎಸ್ ತೆಗೆದು, ಪ್ರಾಣಿ ಬೀಳದ ಹಾಗೆ ಕುಣಿಕೆ ಸಡಿಲ ಮಾಡಿ, ಒಂದೆರಡು ರಾತ್ರಿ ಹತ್ತಿರದಲ್ಲೇ ಕಾಯುತ್ತಾರೆ. ಸೊಳ್ಳೆ, ಜಿಗಣೆ, ಚಳಿ. ಬಹಳ ಸಲ ಯಾರೂ ಬರುವುದಿಲ್ಲ. ಆ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ.

ಹೊಳೆಗೆ ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗುವುದಿಲ್ಲ. ಒಂದು ಬುಟ್ಟಿ ಮೀನಿಗೆ ಮಡುವಿನ ಮರಿ, ಮೊಟ್ಟೆ ಎಲ್ಲಾ ಸಾಯುತ್ತವೆ. ಅಭಯಾರಣ್ಯದಲ್ಲಿ ಸಿಡಿಮದ್ದು, ವಿಷ ಬಳಸುವುದೇ ಅಪರಾಧ. ಹೋದ ವರ್ಷ ಇಂಥ ಕೇಸಿನ ಸುಳಿವು ಕೊಟ್ಟಿದ್ದು ಅದೇ ಹೊಳೆಯಲ್ಲಿ ಗಾಳ ಹಾಕುವ ಒಬ್ಬ ಅಜ್ಜ. ಪಂಚನಾಗಿ ಸಹಿ ಹಾಕಿದ್ದೂ ಅವರೇ. ವಿಚಾರಣೆ ನಡೆಯುತ್ತಿದೆ. ಪ್ರತಿ ದಿನಾಂಕಕ್ಕೂ ಮೊದಲ ಬಸ್ಸಿಗೇ ಬಂದು ಕೋರ್ಟಿನ ಜಗಲಿಯಲ್ಲಿ ಕೂತಿರುತ್ತಾರೆ.